ಮನ್ರೋ ಸಾಹೇಬರು ಮತ್ತು ನಮ್ಮ ಸೀಮೆಯ ಬರ



ಗಡಿನಾಡಿನ ಜನರ ಬದುಕಿಗೆ ಸಂಬಂಧಪಟ್ಟ ಹಿರಿಯರೊಬ್ಬರ ಜೀವನ ಪರಿಚಯವನ್ನು ಈ ಸಲವೂ ತಮ್ಮ ಮುಂದಿಡುತ್ತಿದ್ದೇವೆ. ಈ ಬಾರಿ ನಾವು ಆರಿಸಿಕೊಂಡವರು ಕನ್ನಡಿಗರಲ್ಲ, ನಮ್ಮ ದೇಶದವರೂ ಅಲ್ಲ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿ ಅಧಿಕಾರಿಯಾಗಿ ಬಂದು, ಕಲೆಕ್ಟರಾಗಿ, ಕೊನೆಗೆ ಮದ್ರಾಸಿನ ಗವರ್ನರಾಗಿ ನಮ್ಮ ನೆರೆಯ ಪತ್ತಿಕೊಂಡದಲ್ಲಿ ಪ್ರಾಣಬಿಟ್ಟ ಸರ್ ಥಾಮಸ್ ಮನ್ರೋ ಅವರು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗ, ಗುತ್ತಿ, ಆದೋನಿಯ ಕಡೆ ಈ ಹೆಸರು ಕೇಳದವರು ಕಡಿಮೆ. ಒಂದು ಕಾಲಕ್ಕೆ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟ ಸೀಮೆ ಇದು.

ಬರ ಬಂದಾಗ ಸರ್ಕಾರ ರೈತನಿಗೆ ಏನು ಮಾಡಬೇಕು ಎಂಬ ಪ್ರಶ್ನೆ ನಮ್ಮಲ್ಲಿ ಪ್ರತಿ ವರ್ಷ ಏಳುತ್ತದೆ. ಬರ ಮಂಡಲಗಳ ಪಟ್ಟಿ, ಬೆಳೆ ವಿಮೆ, ಸಾಲ ಮನ್ನಾ, ಇನ್‌ಪುಟ್ ಸಬ್ಸಿಡಿ ಎಂದು ನಾವು ಮಾತಾಡಿಕೊಳ್ಳುತ್ತೇವೆ. ಇದೇ ಪ್ರಶ್ನೆಯನ್ನು ಇನ್ನೂರು ವರ್ಷಗಳ ಹಿಂದೆ, ಇದೇ ಮಣ್ಣಿನ ಮೇಲೆ ಡೇರೆ ಹಾಕಿಕೊಂಡು ಕುಳಿತು ಲೆಕ್ಕಹಾಕಿ ಉತ್ತರ ಬರೆದವರು ಮನ್ರೋ. ಅವರ ಉತ್ತರ ಏನಾಗಿತ್ತು, ಅದನ್ನು ಸರ್ಕಾರ ಯಾವಾಗ ಕೇಳಿತು ಎಂಬುದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ಬಾಲ್ಯ ಮತ್ತು ಸಿಪಾಯಿಗಿರಿ

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಗ್ಲಾಸ್ಗೋ ನಗರದಲ್ಲಿ. ತಂದೆ ಅಲೆಗ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ ಮಾಡುತ್ತಿದ್ದ ಸಾಹುಕಾರರು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ಮೇಲೆ ಆ ವ್ಯಾಪಾರ ಮುಳುಗಿತು, ಮನೆತನ ಸಾಲಕ್ಕೆ ಬಿತ್ತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ್ದ ಹುಡುಗ ಕಂಪನಿಯ ಸೈನ್ಯದಲ್ಲಿ ಕೆಡೆಟ್ ಕೆಲಸ ಹಿಡಿದು ಹಡಗು ಹತ್ತಿದ. 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದಾಗ ಅವನಿಗೆ ಹತ್ತೊಂಬತ್ತು ವರ್ಷವೂ ತುಂಬಿರಲಿಲ್ಲ. ದೊಡ್ಡ ಮನೆ ಒಂದೇ ಏಟಿಗೆ ಹೇಗೆ ಬೀದಿಗೆ ಬರುತ್ತದೆಂಬುದನ್ನು ಕಣ್ಣಾರೆ ಕಂಡು ಬಂದ ಹುಡುಗ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಅದೇ ವರ್ಷ ಹೈದರಾಲಿ ಕರ್ನಾಟಿಕ್ ಸೀಮೆಯ ಮೇಲೆ ದಂಡೆತ್ತಿ ಬಂದರು. ಮುಂದಿನ ನಾಲ್ಕು ವರ್ಷ ಮನ್ರೋ ಯುದ್ಧದಲ್ಲೇ ಕಳೆದರು. ನಡುವೆ ಪಾರ್ಸಿ, ಹಿಂದೂಸ್ತಾನಿ ಕಲಿತರು. ಟಿಪ್ಪು ಸುಲ್ತಾನರ ಜೊತೆ ನಡೆದ 1790-92ರ ಯುದ್ಧ ಮುಗಿದ ಮೇಲೆ ಬಾರಾಮಹಲ್ ಪ್ರಾಂತ ಕಂಪನಿಯ ಕೈಗೆ ಬಂತು. ಇಂದಿನ ಕೃಷ್ಣಗಿರಿ, ಧರ್ಮಪುರಿಯ ಕಡೆಯ ನಾಡು ಅದು. ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಎಂಬ ಅಧಿಕಾರಿಯ ಕೈಕೆಳಗೆ ಮನ್ರೋ ಅಲ್ಲಿ ಏಳು ವರ್ಷ ಕಂದಾಯದ ಕೆಲಸ ಕಲಿತರು. ಜಮೀನ್ದಾರನನ್ನೋ ಗುತ್ತಿಗೆದಾರನನ್ನೋ ನಡುವೆ ಇಟ್ಟುಕೊಳ್ಳದೆ, ಸರ್ಕಾರ ಒಬ್ಬೊಬ್ಬ ರೈತನ ಜೊತೆಗೂ ನೇರವಾಗಿ ಲೆಕ್ಕ ಇಡುವ ಪದ್ಧತಿ ಅಲ್ಲಿ ರೂಪುಗೊಂಡಿತು. ಅದೇ ಮುಂದೆ ರೈತವಾರಿ ಎಂದು ಹೆಸರಾಯಿತು.

ಕನ್ನಡ ಕರಾವಳಿಯಲ್ಲಿ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ರಾಜ್ಯವನ್ನು ಹಂಚಿ ವ್ಯವಸ್ಥೆ ಮಾಡಲು ನೇಮಿಸಿದ ಮಂಡಳಿಗೆ ಮನ್ರೋ ಮತ್ತು ಜಾನ್ ಮಾಲ್ಕಂ ಕಾರ್ಯದರ್ಶಿಗಳಾಗಿದ್ದರು. ಆ ಕೆಲಸ ಮುಗಿದ ಕೂಡಲೇ ಮನ್ರೋ ಅವರನ್ನು ಕೆನರಾ ಜಿಲ್ಲೆಯ ಕಲೆಕ್ಟರನ್ನಾಗಿ ಕಳಿಸಿದರು. ಮಂಗಳೂರು, ಕಾರವಾರಗಳ ಜೊತೆ ಇಂದಿನ ಕಾಸರಗೋಡಿನ ನಾಡೂ ಆಗ ಅದಕ್ಕೆ ಸೇರಿತ್ತು. ಬಿಡದ ಮಳೆಯ ಆ ಊರು ಅವರಿಗೆ ಒಗ್ಗಲಿಲ್ಲ, ಒಂದು ವರ್ಷದ ಮೇಲೆ ನಿಲ್ಲಲಿಲ್ಲ.

ಆದರೆ ಅಲ್ಲಿ ಒಂದು ಪಾಠ ಸಿಕ್ಕಿತು. ಹಳೆಯ ಕಡತಗಳನ್ನು ತೆಗೆಸಿ ನೋಡಿದಾಗ, ಆ ಸೀಮೆಯಲ್ಲಿ ಭೂಮಿ ಒಕ್ಕಲಿನ ಸ್ವಂತ ಆಸ್ತಿಯಾಗಿತ್ತು, ಹಿಂದಿನ ಅರಸರ ಕಾಲದಲ್ಲಿ ಕಂದಾಯ ಹಗುರವಾಗಿ ನಿಗದಿಯಾಗಿತ್ತು ಎಂಬುದು ಗೊತ್ತಾಯಿತು. ಕಂದಾಯ ಹಗುರವಿದ್ದರೆ ಭೂಮಿಗೆ ಬೆಲೆ ಬರುತ್ತದೆ, ಬೆಲೆ ಬಂದರೆ ರೈತ ಅದಕ್ಕೆ ಖರ್ಚು ಮಾಡುತ್ತಾನೆ ಎಂಬ ಮಾತು ಅವರ ತಲೆಯಲ್ಲಿ ನಿಂತಿತು. ಮಳೆಯ ನಾಡಿನಲ್ಲಿ ಕಲಿತದ್ದನ್ನು ಮಳೆಯಿಲ್ಲದ ನಾಡಿನಲ್ಲಿ ಪ್ರಯೋಗಿಸುವ ಸಂದರ್ಭ ಬೇಗ ಒದಗಿತು.

ದತ್ತ ಮಂಡಲದ ಕಲೆಕ್ಟರ್

ಟಿಪ್ಪು ಸುಲ್ತಾನರಿಂದ ನಿಜಾಮರಿಗೆ ಬಂದಿದ್ದ ಸೀಮೆಗಳನ್ನು ನಿಜಾಮರು 1800ರ ಅಕ್ಟೋಬರ್ 12ರ ಒಪ್ಪಂದದಂತೆ ಕಂಪನಿಗೆ ಬಿಟ್ಟುಕೊಟ್ಟರು. ಬಳ್ಳಾರಿ, ಅನಂತಪುರ, ಕಡಪ, ಕರ್ನೂಲಿನ ಕೆಲವು ಭಾಗ ಸೇರಿದ ಈ ದೊಡ್ಡ ಪ್ರದೇಶಕ್ಕೆ ದತ್ತ ಮಂಡಲ ಎಂದು ಹೆಸರಾಯಿತು. ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಹಳ್ಳಿಗಳೂ ಇದರಲ್ಲೇ ಇದ್ದವು. ಮಗ್ಗುಲಲ್ಲೇ ಇರುವ ಪಾವಗಡ ಮೈಸೂರಿನ ಪಾಲಿಗೆ ಹೋಯಿತು. ನಾವು ಈಗ ಗಡಿ ಎನ್ನುವ ಗೆರೆಯ ಒಂದು ಭಾಗ ಆ ಹಂಚಿಕೆಯ ಕಾಲದ್ದು.

ಮನ್ರೋ ಇದರ ಮುಖ್ಯ ಕಲೆಕ್ಟರ್ ಆದರು. ಅನಂತಪುರ ಅವರ ಕೇಂದ್ರ. ಕೈಕೆಳಗೆ ನಾಲ್ವರು ಸಬ್ ಕಲೆಕ್ಟರುಗಳು. ಸುಮಾರು 20 ಲಕ್ಷ ಜನ. ಸೀಮೆಯ ಸ್ಥಿತಿ ಮಾತ್ರ ಹೇಳತೀರದು. ಸುಮಾರು 80 ಮಂದಿ ಪಾಳೆಯಗಾರರು, ಅವರ ಬಳಿ 30 ಸಾವಿರದಷ್ಟು ಆಯುಧ ಹಿಡಿದ ಆಳುಗಳು. ಊರೂರಿಗೂ ಕೋಟೆ, ಊರೂರಿಗೂ ಜಗಳ. 1791-92ರ ಡೋಗಿ ಬರದ ನೆನಪು ಇನ್ನೂ ಆರಿರಲಿಲ್ಲ. ಯುದ್ಧ, ಬರ, ವಸೂಲಿಯ ಕಾಟ ಮೂರೂ ಸೇರಿ ಜನ ಊರು ಬಿಟ್ಟಿದ್ದರು, ಹೊಲಗಳು ಬೀಳುಬಿದ್ದಿದ್ದವು. ಪಾಳೆಯಗಾರರನ್ನು ಸೈನ್ಯದ ಬಲದಿಂದ ಅಡಗಿಸಿ, ಕೆಲವರಿಗೆ ಪಿಂಚಣಿ ಕೊಟ್ಟು ಕೂರಿಸಿ, ಆಮೇಲೆ ಮನ್ರೋ ಹಳ್ಳಿಗಳ ಕಡೆ ತಿರುಗಿದರು. ಏಳು ವರ್ಷದ ಬಹುಪಾಲು ದಿನಗಳನ್ನು ಅವರು ಡೇರೆಯಲ್ಲೇ ಕಳೆದರು. ರೈತ ಕಚೇರಿಗೆ ಬರುವುದಕ್ಕಿಂತ ಕಚೇರಿಯೇ ರೈತನ ಬಳಿಗೆ ಹೋಗುವುದು ಅವರ ಕ್ರಮವಾಗಿತ್ತು.

ಕೆರೆಗಳ ಸೀಮೆ

ನಮ್ಮ ನಾಡು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಮುಂಗಾರು ಇಲ್ಲಿಗೆ ತಲುಪುವ ಹೊತ್ತಿಗೆ ಮೋಡ ಬರಿದಾಗಿರುತ್ತದೆ, ಹಿಂಗಾರು ಪೂರ್ವ ಕರಾವಳಿಯನ್ನು ತೋಯಿಸಿ ಸುಸ್ತಾಗಿರುತ್ತದೆ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ, ಅದೂ ಒಂದೇ ಸಮ ಬೀಳುವುದಿಲ್ಲ. ಇಂಥ ಕಡೆ ಹಿಂದಿನವರು ಬದುಕಿದ್ದು ಕೆರೆಗಳಿಂದ. ಕಡಪದ ಕಡೆಯ ಪೋರುಮಾಮಿಳ್ಳದ ಕೆರೆ 1369ರದ್ದು. ಎಂಥ ಜಾಗದಲ್ಲಿ ಕೆರೆ ಕಟ್ಟಬೇಕು, ಎಂಥ ಕಡೆ ಕಟ್ಟಬಾರದು ಎಂಬುದನ್ನೂ ಅಲ್ಲಿನ ಶಾಸನ ಹೇಳುತ್ತದೆ. ಹಿಂದೂಪುರದ ಮಗ್ಗುಲಲ್ಲಿ ಹರಿಯುವ ಪೆನ್ನಾರ್ ನದಿಗೆ ಹಿಂದೆ ಹೆನ್ನೆ ಎಂಬ ಹೆಸರಿತ್ತು. ಪ್ರತಾಪ ಬುಕ್ಕರಾಯರ ಅಪ್ಪಣೆಯಂತೆ ಜಲಸೂತ್ರ ಬಲ್ಲ ಸಿಂಗಯ ಭಟ್ಟ ಎಂಬುವರು ಆ ನದಿಯಿಂದ ಪೆನುಕೊಂಡೆಯ ಕಡೆಗೆ ಕಾಲುವೆ ತೆಗೆದದ್ದು ಗೌರಿಬಿದನೂರು ಸೀಮೆಯ 1388ರ ಶಾಸನದಲ್ಲಿದೆ. ಬುಕ್ಕಪಟ್ಟಣ, ಧರ್ಮಾವರ, ಸಿಂಗನಮಲ, ಅನಂತಪುರ, ಪರಿಗಿಯ ಕೆರೆಗಳ ಹೆಸರು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಮನ್ರೋ ಈ ಕೆರೆಗಳನ್ನು ಗಮನಿಸಿ ನೋಡಿದರು. ಹೊಸ ಕೆರೆ ಕಟ್ಟಿಸುತ್ತೇನೆಂದು ಹೊರಡುವುದು ವ್ಯರ್ಥ ಎಂಬ ತೀರ್ಮಾನಕ್ಕೆ ಬಂದರು. ಕಾರಣ ಸರಳವಾದದ್ದು. ಕೆರೆ ಕಟ್ಟಲು ಅನುಕೂಲವಾದ ಜಾಗ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಈ ನಾಡಿನವರು ಮೊದಲೇ ಕಟ್ಟಿ ಮುಗಿಸಿದ್ದರು. ಪೂರ್ತಿ ಹೂಳು ತುಂಬಿ ಸತ್ತ ಕೆರೆಯನ್ನು ಎಬ್ಬಿಸುವುದೂ ಬಹಳ ಕಷ್ಟ ಎಂದು ಅವರಿಗೆ ಕಂಡಿತು. ಹಾಗಾದರೆ ಉಳಿದದ್ದು ಒಂದೇ ದಾರಿ: ಬದುಕಿರುವ ಕೆರೆಯನ್ನು ಸಾಯಗೊಡದಿರುವುದು. ಏರಿ, ತೂಬು, ಕೋಡಿ, ಕಾಲುವೆ ಇವುಗಳನ್ನು ವರ್ಷ ವರ್ಷ ನೋಡಿಕೊಳ್ಳುವುದು. ಕಂಪನಿಯ ಅಧಿಕಾರಿಯೊಬ್ಬ ಈ ನೆಲದ ಹಿಂದಿನವರ ಜಾಣತನಕ್ಕೆ ಕೊಟ್ಟ ದೊಡ್ಡ ಮರ್ಯಾದೆ ಇದು ಎಂದು ನಮ್ಮ ಭಾವನೆ.

ಕೆರೆ ನೋಡಿಕೊಳ್ಳಲು ಹಳೆಯ ಏರ್ಪಾಡೂ ಇಲ್ಲಿತ್ತು. ಕೆರೆ ಕಟ್ಟಿದವನಿಗೆ ಅಥವಾ ದುರಸ್ತಿಯ ಹೊಣೆ ಹೊತ್ತವನಿಗೆ ಅಚ್ಚುಕಟ್ಟಿನಲ್ಲಿ ಇನಾಮು ಜಮೀನು ಬಿಡುತ್ತಿದ್ದರು. ನಮ್ಮ ಸೀಮೆಯಲ್ಲಿ ಇದಕ್ಕೆ ದಶಬಂಧ ಎಂದೂ, ಮೈಸೂರು ಸೀಮೆಯಲ್ಲಿ ಕಟ್ಟುಕೊಡಗಿ ಎಂದೂ ಹೆಸರು. ತೂಬು ತೆರೆದು ಹೊಲಹೊಲಕ್ಕೆ ನೀರು ಹಂಚಲು ನೀರುಗಂಟಿ ಇದ್ದ.

ಅಳತೆ, ಜಮಾಬಂದಿ, ತಗಾವಿ

1802ರಿಂದ 1806ರವರೆಗೆ ಇಡೀ ಸೀಮೆಯ ಭೂಮಿಯ ಅಳತೆ ನಡೆಯಿತು. 33 ಅಡಿಯ ಸರಪಳಿ ಹಿಡಿದು ಹೊಲ ಹೊಲ ಅಳೆದರು. ಅಂಥ ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ 40 ಸೇರಿದರೆ ಒಂದು ಎಕರೆ. ಗುಂಟೆಯೂ ಇದೇ ಲೆಕ್ಕ. ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ ದರ ಕಟ್ಟಿದರು. ಯಾವ ರೈತನ ಬಳಿ ಎಷ್ಟು ಭೂಮಿ, ಎಂಥದು, ಎಷ್ಟು ಕಂದಾಯ ಎಂಬುದು ಮೊದಲ ಬಾರಿಗೆ ಹೆಸರು ಹೆಸರಾಗಿ ಕಾಗದದ ಮೇಲೆ ಬಂತು. ಕಡತಗಳ ನಡುವೆ ಆಯಸ್ಸು ಕಳೆದ ನಮ್ಮಂಥವರಿಗೆ ಇದರ ಬೆಲೆ ಗೊತ್ತು. ಹೆಸರು ಪುಸ್ತಕದಲ್ಲಿ ಇದ್ದವನಿಗೆ ಮಾತ್ರ ಪರಿಹಾರ ಸಿಗುತ್ತದೆ. ಇಲ್ಲದವನ ಕಷ್ಟ ಯಾವ ಕಚೇರಿಗೂ ಕಾಣುವುದಿಲ್ಲ.

ಪ್ರತಿ ವರ್ಷ ಜಮಾಬಂದಿಯಲ್ಲಿ ರೈತನ ಲೆಕ್ಕ ಇತ್ಯರ್ಥವಾಗುತ್ತಿತ್ತು. ಕೈಯಲ್ಲಿ ಕಾಸಿಲ್ಲದವನಿಗೆ ತಗಾವಿ ಎಂಬ ಸರ್ಕಾರಿ ಮುಂಗಡವಿತ್ತು. ಬಿತ್ತನೆ ಬೀಜಕ್ಕೆ, ಎತ್ತು ಕೊಳ್ಳಲು, ನೇಗಿಲು ಮುಂತಾದ ಸಾಮಾನಿಗೆ ಕೊಟ್ಟದ್ದನ್ನು ಸಾಮಾನ್ಯವಾಗಿ ಅದೇ ವರ್ಷ ತೀರಿಸಬೇಕು. ಬಾವಿ ತೋಡಲು, ಹಳೆಯ ಬಾವಿ ಹೂಳೆತ್ತಲು, ಕೆರೆ ದುರಸ್ತಿಗೆ ಕೊಟ್ಟದ್ದಕ್ಕೆ ಎರಡು ಮೂರು ವರ್ಷದ ಅವಕಾಶ. ಬೀಜಕ್ಕೊಂದು ಗಡುವು, ಬಾವಿಗೊಂದು ಗಡುವು ಎಂಬ ಈ ವ್ಯತ್ಯಾಸದಲ್ಲಿ ತಿಳಿವಳಿಕೆ ಇದೆ. ಬಾವಿಯಲ್ಲಿ ನೀರು ಬಂದು, ಆ ನೀರಿನಲ್ಲಿ ಬೆಳೆ ಬಂದು, ಬೆಳೆಗೆ ಬೆಲೆ ಬರುವ ತನಕ ಸಾಲಗಾರನನ್ನು ಕುತ್ತಿಗೆ ಹಿಡಿಯಬಾರದು.

ಇದರ ನಡುವೆಯೇ 1803ರಲ್ಲಿ ಮಳೆ ಕೈಕೊಟ್ಟಿತು. ಅದೇ ವರ್ಷ ಮರಾಠರ ಜೊತೆ ಯುದ್ಧ ಶುರುವಾಯಿತು. ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೆ ಎತ್ತು, ದವಸಗಳನ್ನು ಈ ಬರಗಾಲದ ಸೀಮೆಯಿಂದಲೂ ಒದಗಿಸಬೇಕಾಯಿತು, ಒದಗಿಸಿದವರೂ ಮನ್ರೋ ಅವರೇ. ಒಂದು ಕೈಯಲ್ಲಿ ರೈತನಿಗೆ ಎತ್ತಿಗೆಂದು ತಗಾವಿ ಕೊಡುವುದು, ಇನ್ನೊಂದು ಕೈಯಲ್ಲಿ ದಂಡಿಗೆಂದು ಸೀಮೆಯ ಎತ್ತುಗಳನ್ನು ಕೂಡಿಸುವುದು ಎರಡೂ ಒಬ್ಬನೇ ಕಲೆಕ್ಟರನ ಕೆಲಸವಾಗಿತ್ತು. ಕಂಪನಿ ಸರ್ಕಾರದ ಸ್ವಭಾವ ಇಷ್ಟರಲ್ಲೇ ತಿಳಿಯುತ್ತದೆ.

ಲೆಕ್ಕದ ಇನ್ನೊಂದು ಪುಟ

ಮನ್ರೋ ಅವರನ್ನು ಬರೀ ಹೊಗಳಿ ಮುಗಿಸಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಅವರು ಕಂಪನಿಯ ನೌಕರರು, ವಸೂಲಿ ಅವರ ಮೊದಲ ಕೆಲಸ. ಏಳು ವರ್ಷದಲ್ಲಿ ಸೀಮೆಯ ಭೂಕಂದಾಯ ಸುಮಾರು 4 ಲಕ್ಷ ಪೌಂಡಿನಿಂದ 6 ಲಕ್ಷ ಪೌಂಡಿಗೆ ಏರಿತು, ಅಂದರೆ ಒಂದೂವರೆಪಟ್ಟು. ಸಾಗುವಳಿ ಹೆಚ್ಚಿದ್ದು ಒಂದು ಕಾರಣ, ದರ ಬಿಗಿಯಾಗಿದ್ದು ಇನ್ನೊಂದು. ಒಬ್ಬ ರೈತ ಕಟ್ಟಲಾಗದೆ ಬಿದ್ದರೆ ಅವನ ಬಾಕಿಯನ್ನು ಊರಿನ ಉಳಿದ ರೈತರು ತಮ್ಮ ಕಂದಾಯದ ಮೇಲೆ ಶೇಕಡಾ 10ರವರೆಗೆ ಹೆಚ್ಚು ಕೊಟ್ಟು ತುಂಬಬೇಕೆಂಬ ನಿಯಮವೂ ಇತ್ತು. ಬರಗಾಲದಲ್ಲಿ ಇದರ ಅರ್ಥ ಏನಾಗುತ್ತದೆಂದು ಹಳ್ಳಿಯವರಿಗೆ ವಿವರಿಸಬೇಕಿಲ್ಲ. ಬಿದ್ದವನು ಎದ್ದು ನಿಂತವನನ್ನೂ ಜೊತೆಗೆ ಎಳೆದುಕೊಳ್ಳುತ್ತಾನೆ.

ಈ ದೋಷ ಬೇರೆಯವರು ತೋರಿಸುವ ಮೊದಲು ಮನ್ರೋ ಅವರಿಗೇ ಕಾಣಿಸಿತು. ಅವರ ದೊಡ್ಡತನ ಇರುವುದು ಇಲ್ಲಿ.

1807ರ ವರದಿ

1807ರ ಆಗಸ್ಟ್ 15ರಂದು, ಊರಿಗೆ ರಜೆಯ ಮೇಲೆ ಹೊರಡುವ ಮೊದಲು, ಮನ್ರೋ ಮದ್ರಾಸಿನ ಕಂದಾಯ ಮಂಡಳಿಗೆ ಒಂದು ವರದಿ ಕಳಿಸಿದರು. ಅದರ ಲೆಕ್ಕ ಹೀಗಿದೆ. ಈಗಿನ ದರದಲ್ಲಿ ಬೆಳೆಯ ಒಟ್ಟು ಉತ್ಪತ್ತಿಯಲ್ಲಿ ಸುಮಾರು ಶೇಕಡಾ 45 ಭಾಗ ಸರ್ಕಾರಕ್ಕೆ ಹೋಗುತ್ತಿದೆ. ಇದರಲ್ಲಿ ಕಾಲು ಭಾಗ ಕಡಿಮೆ ಮಾಡಿದರೆ ಸರ್ಕಾರದ ಪಾಲು ಉತ್ಪತ್ತಿಯ ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ಆದ್ದರಿಂದ ಎಲ್ಲ ಜಮೀನಿಗೂ ಕಂದಾಯದಲ್ಲಿ ಶೇಕಡಾ 25 ಇಳಿಸಬೇಕು. ಬಾವಿಯಿಂದ, ಅಥವಾ ಹೊಳೆ ಹಳ್ಳಗಳಿಂದ ಏತ ಕಪಿಲೆಗಳಲ್ಲಿ ನೀರೆತ್ತಿ ಬೆಳೆಯುವ ಜಮೀನಿಗೆ ಇನ್ನೂ ಶೇಕಡಾ 8 ಸೇರಿಸಿ ಒಟ್ಟು 33 ಇಳಿಸಬೇಕು. ಆ ಬಾವಿ, ಕಟ್ಟೆಗಳ ದುರಸ್ತಿ ರೈತನದೇ. ಸಣ್ಣ ಕೆರೆಗಳ ದುರಸ್ತಿಯನ್ನು ಊರಿನ ರೈತರು ತಾವೇ ವಹಿಸಿಕೊಂಡರೆ ಅವರಿಗೂ ಇದೇ ರಿಯಾಯಿತಿ.

ಅದರ ಜೊತೆಗೆ ಇನ್ನೂ ಕೆಲವು ಮಾತುಗಳಿದ್ದವು. ವರ್ಷದ ಕೊನೆಗೆ ರೈತ ತನ್ನ ಶಕ್ತಿಗೆ ತಕ್ಕಂತೆ ಜಮೀನು ಬಿಡಬಹುದು, ಹೊಸದು ಹಿಡಿಯಬಹುದು. ಕಂದಾಯ ಕಟ್ಟುವ ತನಕ ಅವನೇ ಭೂಮಿಯ ಪೂರ್ಣ ಒಡೆಯ. ಇಷ್ಟೆಲ್ಲ ಕೊಟ್ಟ ಮೇಲೆ ಸಾಧಾರಣ ಬೆಳೆನಷ್ಟಕ್ಕೆ ಮಾಫಿ ಎಂದು ಪ್ರತ್ಯೇಕವಾಗಿ ಕೊಡಬೇಕಾಗಿಲ್ಲ.

ಈ ಕೊನೆಯ ಮಾತು ಮೇಲ್ನೋಟಕ್ಕೆ ಕಟುವಾಗಿ ಕಾಣುತ್ತದೆ, ಆದರೆ ಇಡೀ ವರದಿಯ ತಿರುಳು ಇದರಲ್ಲಿದೆ ಎಂದು ನಾವು ತಿಳಿಯುತ್ತೇವೆ. ಮಾಫಿಗಾಗಿ ರೈತ ಬೆಳೆ ಒಣಗಿದ್ದನ್ನು ತೋರಿಸಬೇಕು, ಕರಣಂ ಬರೆಯಬೇಕು, ಅಮಲ್ದಾರ ಒಪ್ಪಬೇಕು, ಮೇಲಿನವರು ಮಂಜೂರು ಮಾಡಬೇಕು. ಒಂದೊಂದು ಮೆಟ್ಟಿಲಲ್ಲೂ ಕೈ ನೀಡುವವರಿರುತ್ತಾರೆ. ಬಡವನ ಮಾಫಿ ಊರಿನ ಬಲಾಢ್ಯನ ಹೆಸರಿಗೆ ಹೋಗುವುದೂ ಉಂಟು. ಅದರ ಬದಲು ಒಳ್ಳೆಯ ವರ್ಷದಲ್ಲೇ ಸರ್ಕಾರ ಕಡಿಮೆ ತೆಗೆದುಕೊಂಡರೆ, ಉಳಿದದ್ದು ರೈತನ ಹಗೇವಿನಲ್ಲಿ ದವಸವಾಗಿ, ಕೊಟ್ಟಿಗೆಯಲ್ಲಿ ಇನ್ನೊಂದು ಜೊತೆ ಎತ್ತಾಗಿ, ಹೊಲದಲ್ಲಿ ಬಾವಿಯಾಗಿ ನಿಲ್ಲುತ್ತದೆ. ಬರ ಬಂದ ವರ್ಷ ಅವನು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಬರದ ಸಿದ್ಧತೆ ಸುಭಿಕ್ಷದ ವರ್ಷದಲ್ಲಿ ಆಗಬೇಕು ಎಂಬುದು ಇದರ ತಾತ್ಪರ್ಯ.

ಹದಿಮೂರು ವರ್ಷದ ಕಾಯುವಿಕೆ

ಕಂದಾಯ ಹೆಚ್ಚಿಸಿದ ಕಲೆಕ್ಟರನ ಹೊಗಳಿಕೆಯನ್ನು ಸರ್ಕಾರ ಸಂತೋಷದಿಂದ ಬರೆಯಿತು, ಕಂದಾಯ ಇಳಿಸಿ ಎಂಬ ಅವನ ಶಿಫಾರಸನ್ನು ಬದಿಗಿಟ್ಟಿತು. ಕಾಲು ಭಾಗ ಬಿಟ್ಟುಕೊಡಲು ಯಾರೂ ತಯಾರಿರಲಿಲ್ಲ. 1808ರಲ್ಲಿ ದತ್ತ ಮಂಡಲವನ್ನು ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆಗಳಾಗಿ ಒಡೆದರು. ಹಿಂದೂಪುರ, ಕಲ್ಯಾಣದುರ್ಗಗಳು ಬಳ್ಳಾರಿಗೆ ಬಂದವು. ರೈತವಾರಿಯನ್ನೇ ಕೈಬಿಟ್ಟು ಊರೂರನ್ನೇ ಗುತ್ತಿಗೆಗೆ ಕೊಟ್ಟರು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ದರ ಇಳಿಯಲಿಲ್ಲ, ನಡುವೆ ಗುತ್ತಿಗೆದಾರ ಬಂದು ಕೂತ. ಮಳೆ ಕೈಕೊಟ್ಟ ವರ್ಷಗಳಲ್ಲಿ ಗುತ್ತಿಗೆದಾರರೂ ಮುಳುಗಿದರು, ರೈತರೂ ಮುಳುಗಿದರು.

ಮನ್ರೋ ಅಷ್ಟರಲ್ಲಿ ಇಂಗ್ಲೆಂಡಿನಲ್ಲಿದ್ದರು. ಕಂಪನಿಯ ಸನ್ನದು ನವೀಕರಣದ ಸಮಯದಲ್ಲಿ ಪಾರ್ಲಿಮೆಂಟಿನ ಮುಂದೆ ಭಾರತದ ವಿಷಯವಾಗಿ ಸಾಕ್ಷಿ ನುಡಿದರು. 1814ರಲ್ಲಿ ಮದುವೆಯಾಗಿ, ನ್ಯಾಯಾಡಳಿತ ಸುಧಾರಣೆಯ ಮಂಡಳಿಯ ಮುಖ್ಯಸ್ಥರಾಗಿ ಮದ್ರಾಸಿಗೆ ಮರಳಿದರು. 1817-18ರ ಮರಾಠಾ ಯುದ್ಧದಲ್ಲಿ ಅತಿ ಕಡಿಮೆ ಸೈನ್ಯದೊಡನೆ ಧಾರವಾಡ, ಬಾದಾಮಿ, ಬೆಳಗಾವಿ, ಸೊಲ್ಲಾಪುರಗಳನ್ನು ಹಿಡಿದರು. ಕೃಷ್ಣಗಿರಿ, ಕಾಸರಗೋಡು, ಅನಂತಪುರ, ಬೆಳಗಾವಿ, ಸೊಲ್ಲಾಪುರ ಎಂದು ಲೆಕ್ಕಹಾಕಿದರೆ ಇಂದು ಕನ್ನಡಿಗರು ಗಡಿ ಎನ್ನುವ ಬಹುಪಾಲು ಸೀಮೆಗಳಲ್ಲಿ ಈ ಮನುಷ್ಯರ ಕುದುರೆಯ ಹೆಜ್ಜೆ ಬಿದ್ದಿದೆ.

1820ರ ಜೂನ್‌ನಲ್ಲಿ ಅವರು ಮದ್ರಾಸಿನ ಗವರ್ನರ್ ಆದರು. ಅಲ್ಲಿಂದಾಚೆಗೆ ಗುತ್ತಿಗೆ ಪದ್ಧತಿ ಹೋಗಿ ರೈತವಾರಿ ಮರಳಿತು. ಬಳ್ಳಾರಿ, ಕಡಪ ಜಿಲ್ಲೆಗಳಲ್ಲಿ 1807ರ ಶಿಫಾರಸಿನಂತೆ ಕಂದಾಯದ ಇಳಿಕೆಯೂ ಜಾರಿಗೆ ಬಂತು. ಕಲೆಕ್ಟರಾಗಿ ಬೇಡಿದ್ದನ್ನು ಕೊನೆಗೆ ತಾವೇ ಗವರ್ನರಾಗಿ ಕೊಡಬೇಕಾಯಿತು. ನಡುವೆ ಕಳೆದದ್ದು 13 ವರ್ಷ. ಆ 13 ವರ್ಷದಲ್ಲಿ ಎತ್ತು ಮಾರಿದವರು, ಊರು ಬಿಟ್ಟವರು ಎಷ್ಟು ಮಂದಿಯೋ. ಇಳಿಕೆ ಬಂದಾಗ ಅದನ್ನು ಪಡೆಯಲು ಅವರು ಹೊಲದಲ್ಲಿರಲಿಲ್ಲ.

ಶಾಲೆಗಳ ಲೆಕ್ಕ

ನಮ್ಮ ಸಂಘದ ಸದಸ್ಯರಿಗೆ ತಿಳಿಸಲೇಬೇಕಾದ ಇನ್ನೊಂದು ವಿಷಯವಿದೆ. 1822ರಲ್ಲಿ ಗವರ್ನರ್ ಮನ್ರೋ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕೊಟ್ಟ ವರದಿಯಂತೆ ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು, ಉಳಿದವು ಮರಾಠಿ, ಸಂಸ್ಕೃತ, ಪಾರ್ಸಿ, ತಮಿಳು ಮತ್ತು ಒಂದು ಇಂಗ್ಲಿಷ್. ನಮ್ಮ ತಾಲ್ಲೂಕುಗಳೂ ಆಗ ಇದೇ ಜಿಲ್ಲೆಯೊಳಗಿದ್ದವು. ಕನ್ನಡ, ತೆಲುಗು ಎರಡೂ ಒಂದೇ ಅಂಗಳದಲ್ಲಿ ಹೆಚ್ಚು ಕಡಿಮೆ ಸರಿಸಮನಾಗಿ ಓದಿಸಲ್ಪಡುತ್ತಿದ್ದವು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ದಾಖಲೆ ಬೇಡ. ಜನರ ಬಡತನ ಹೆಚ್ಚಿದ್ದರಿಂದ ಶಾಲೆಗಳು ಕ್ಷೀಣಿಸುತ್ತಿವೆ ಎಂದೂ ಆ ಕಲೆಕ್ಟರ್ ಬರೆದರು. ಹೊಲ ಒಣಗಿದರೆ ಶಾಲೆಯೂ ಒಣಗುತ್ತದೆ. ನೀರಿನ ಮಾತು, ನುಡಿಯ ಮಾತು ಬೇರೆ ಬೇರೆ ಅಲ್ಲ.

ಪತ್ತಿಕೊಂಡದ ಸಂಜೆ

1827ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಡುವ ಮೊದಲು ತಾವು ಪ್ರೀತಿಸಿದ ದತ್ತ ಮಂಡಲವನ್ನು ಕೊನೆಯ ಬಾರಿ ನೋಡಿ ಬರಲು ಮನ್ರೋ ಹೊರಟರು. ಸೀಮೆಯಲ್ಲಿ ಕಾಲರಾ ಹಬ್ಬಿತ್ತು. ಜುಲೈ 4ರಂದು ಗುತ್ತಿಗೆ ಬಂದರು. ಜೊತೆಗಿದ್ದವರಲ್ಲೂ ರೋಗ ಕಾಣಿಸಿಕೊಂಡಿತ್ತು. ಜುಲೈ 6ರಂದು ಪತ್ತಿಕೊಂಡದ ಬೀಡಿನಲ್ಲಿ ಅವರಿಗೂ ಅದು ತಗುಲಿ, ಅದೇ ರಾತ್ರಿ ತೀರಿಕೊಂಡರು. ವಯಸ್ಸು 66. ಗುತ್ತಿ ಬೆಟ್ಟದ ಬುಡದಲ್ಲಿ ಮಣ್ಣುಮಾಡಿದರು. 1831ರಲ್ಲಿ ಅಸ್ಥಿಗಳನ್ನು ಮದ್ರಾಸಿನ ಕೋಟೆಯ ಇಗರ್ಜಿಗೆ ಸಾಗಿಸಿದರು.

ಮದ್ರಾಸಿನಲ್ಲಿ ಕುದುರೆಯ ಮೇಲೆ ಕುಳಿತ ಅವರ ದೊಡ್ಡ ಪ್ರತಿಮೆ 1839ರಲ್ಲಿ ನಿಂತಿತು. ನಮ್ಮ ಸೀಮೆಯಲ್ಲಿ ಮಾತ್ರ ಅವರ ನೆನಪಿಗೆ ಮಾಡಿದ್ದು ಬೇರೆ. ಗುತ್ತಿಯಲ್ಲಿ ಛತ್ರ, ಪತ್ತಿಕೊಂಡದಲ್ಲಿ ಮರಗಳ ತೋಪು ಮತ್ತು ಕಲ್ಲಿನ ಮೆಟ್ಟಿಲುಗಳ ಬಾವಿ. ನೀರಿಲ್ಲದ ನಾಡು ಸತ್ತವರಿಗೆ ಬಾವಿಗಿಂತ ದೊಡ್ಡ ಗೌರವ ಏನು ಕೊಡಬಲ್ಲದು? ಮಂತ್ರಾಲಯದ ಮಠದ ಇನಾಮಿನ ವಿಚಾರಣೆಗೆ ಹೋದಾಗ ಬೃಂದಾವನದಲ್ಲಿರುವ ರಾಯರು ಅವರೊಡನೆ ಮಾತಾಡಿದರೆಂದು ಭಕ್ತರು ಇಂದಿಗೂ ನಂಬುತ್ತಾರೆ. ಕಂದಾಯದ ಅಧಿಕಾರಿಯೊಬ್ಬನನ್ನು ಜನ ಇಂಥ ಕಥೆಯೊಳಗೆ ಸೇರಿಸಿಕೊಳ್ಳುವುದು ಅಪರೂಪ.

ನಮ್ಮ ಪಾಲಿನ ಕೆಲಸ

ಮನ್ರೋ ತೀರಿಕೊಂಡ ಐವತ್ತು ವರ್ಷಕ್ಕೆ, 1876-78ರಲ್ಲಿ, ಮಹಾ ಬರ ಬಂದಿತು. ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಅದು ಮುಗಿದ ಮೇಲೆ ಬರಗಾಲದ ಸಂಹಿತೆಗಳು ಬಂದವು. 1883ರಲ್ಲಿ ಭೂ ಅಭಿವೃದ್ಧಿ ಸಾಲದ ಕಾಯ್ದೆ, 1884ರಲ್ಲಿ ರೈತರ ಸಾಲದ ಕಾಯ್ದೆ ಬಂದವು. ಬಾವಿಗೆ ಒಂದು ಬಗೆ, ಬೀಜ ಎತ್ತುಗಳಿಗೆ ಒಂದು ಬಗೆ ಎಂಬ ತಗಾವಿಯ ಹಳೆಯ ವಿಂಗಡಣೆಯೇ ಕಾಯ್ದೆಯಾಯಿತು. 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಯಿತು. ಸ್ವಾತಂತ್ರ್ಯದ ನಂತರ ತುಂಗಭದ್ರೆಯ ಮೇಲ್ದಂಡೆ ಕಾಲುವೆ, ವೇದಾವತಿಗೆ ಭೈರವಾನಿತಿಪ್ಪ ಅಣೆಕಟ್ಟು, ಈಚೆಗೆ ಹಂದ್ರಿ ನೀವಾ ಬಂದವು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ, ರಾಜ್ಯ, ಗಡಿ ಎಷ್ಟು ಸಲ ಬದಲಾದರೂ ಪೆನ್ನಾರ್, ಜಯಮಂಗಲಿ, ವೇದಾವತಿ ಮೊದಲು ಕರ್ನಾಟಕದಲ್ಲಿ ಹರಿದು ಆಮೇಲೆ ನಮ್ಮ ಕಡೆ ಬರುತ್ತವೆ. ಮೇಲಿನ ಕೆರೆ ತುಂಬಿದರೆ ಕೆಳಗಿನ ಕೆರೆಗೆ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಮೈಸೂರು, ಮದ್ರಾಸು 1892ರಲ್ಲಿ ಒಪ್ಪಂದ ಮಾಡಿಕೊಂಡವು. ಪ್ರಶ್ನೆ ಇನ್ನೂ ಇದೆ.

ಈಗ ರೈತನ ಬೆಳೆಯಲ್ಲಿ ಸರ್ಕಾರ ಪಾಲು ಕೇಳುವುದಿಲ್ಲ. ಅವನನ್ನು ಹಿಂಡುವುದು ಬೋರ್‌ವೆಲ್ಲಿನ ಸಾಲ, ಶೇಂಗಾ ಬೀಜದ ಬೆಲೆ, ಮಾರುಕಟ್ಟೆಯ ಏರುಪೇರು. ಆದರೆ ಮನ್ರೋ ಕಂಡ ಮಾತು ಹಳತಾಗಿಲ್ಲ. ಬರ ಘೋಷಣೆಯಾದ ಮೇಲೆ ಬರುವ ಪರಿಹಾರ ತಡವಾಗಿ ಬರುತ್ತದೆ, ಅರ್ಧ ದಾರಿಯಲ್ಲಿ ಸೋರುತ್ತದೆ. ಒಳ್ಳೆಯ ವರ್ಷದಲ್ಲಿ ರೈತನ ಕೈಯಲ್ಲಿ ಉಳಿಯುವ ದುಡ್ಡು, ಮಳೆಗೆ ಮೊದಲೇ ಹೂಳೆತ್ತಿದ ಕೆರೆ, ಇವೆರಡೇ ನಿಜವಾದ ಬರ ಪರಿಹಾರ.

ಮೊದಲನೆಯದು ಸರ್ಕಾರದ ಕೈಯಲ್ಲಿದೆ, ಎರಡನೆಯದರಲ್ಲಿ ನಮ್ಮದೂ ಪಾಲಿದೆ. ಆದ್ದರಿಂದ ಸದಸ್ಯರಲ್ಲಿ ಒಂದು ವಿನಂತಿ. ತಮ್ಮ ತಮ್ಮ ಊರಿನ ಕೆರೆಯ ಹೆಸರು, ಕಟ್ಟಿದವರ ಬಗ್ಗೆ ಹಿರಿಯರು ಹೇಳುವ ಮಾತು, ಶಾಸನವಿದ್ದರೆ ಅದು ಇರುವ ಜಾಗ, ತೂಬು ಕೋಡಿಗಳ ಈಗಿನ ಸ್ಥಿತಿ, ಒತ್ತುವರಿಯಾಗಿದ್ದರೆ ಎಷ್ಟು, ಕೊನೆಯ ಸಲ ಕೋಡಿ ಬಿದ್ದ ವರ್ಷ, ನೀರುಗಂಟಿ ಮನೆತನ ಇನ್ನೂ ಇದೆಯೇ ಎಂಬಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಂಘಕ್ಕೆ ತಲುಪಿಸಿ. ಕನ್ನಡದಲ್ಲಾದರೂ ಸರಿ, ತೆಲುಗಿನಲ್ಲಾದರೂ ಸರಿ. ಬಂದವನ್ನೆಲ್ಲ ಕ್ರಮವಾಗಿ ಜೋಡಿಸಿ ಈ ಪುಟದಲ್ಲಿ ಹಾಕುತ್ತೇವೆ, ಮಂಡಲ ಕಚೇರಿಗಳಿಗೆ ಅರ್ಜಿ ಕೊಡುವಾಗ ಜೊತೆಗೆ ಲಗತ್ತಿಸುತ್ತೇವೆ. ಪುಸ್ತಕದಲ್ಲಿ ಹೆಸರಿಲ್ಲದ ರೈತನ ಹಾಗೆಯೇ, ಪುಸ್ತಕದಲ್ಲಿ ಹೆಸರಿಲ್ಲದ ಕೆರೆಯೂ ಯಾರ ಕಣ್ಣಿಗೂ ಬೀಳದೆ ಒಂದು ದಿನ ನಿವೇಶನವಾಗಿ ಹೋಗುತ್ತದೆ.

ಮುಂದಿನ ಮಳೆಗಾಲ ಎಲ್ಲರ ಕೆರೆ ತುಂಬಿಸಲಿ ಎಂದು ಹಾರೈಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ